ಉಳಿದರ್ಧ ಹಡಗಲಿಯಿಂದ

ಹಗರಿಬೊಮ್ಮನಹಳ್ಳಿ
15-11-2001, ಗುರುವಾರ

ಪ್ರೀತಿಯ ಪಂಪಿ,

ಕೈಬರಹ ನೋಡಿದ ಕೂಡಲೇ ಹರಿದು ಒಲೆಗೆ ಹಾಕಬೇಡ ಮಾರಾಯ್ತಿ. ಒಂದು ಪುಟ ಓದು, ಆಮೇಲೆ ನಿನ್ನಿಷ್ಟ. ನಾವಿಲ್ಲಿ ಆರಾಮಾಗಿದ್ದೇವೆ. ನೀನು, ನಿಮ್ಮ ಮನೆಯವರು ಗುರುಬಸವರಾಜಣ್ಣ ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನಾನು ಕರೆದುಕೊಂಡು ಹೋದ ನಾಲ್ಕನೇ ತರಗತಿಯ ಪ್ರವಾಸದಲ್ಲಿ, ಹಂಪಸಾಗರದ ಹೊಳೆಯಲ್ಲಿ ನಿನ್ನ ಮಗಳು ಅರ್ಚನಾ ಹೋಗಿ ಈ ಡಿಸೆಂಬರಿಗೆ ಮೂರು ವರ್ಷ. ನೀವು ವರ್ಗ ಮಾಡಿಸಿಕೊಂಡು ಹಡಗಲಿಗೆ ಹೋದಿರಿ, ನಾನು ಒಂದು ಸಾಲು ಬರೆಯಲಿಲ್ಲ. ಜನಗಣತಿ ಡ್ಯೂಟಿ, ಪರೀಕ್ಷೆ, ನಮ್ಮ ಮನೆಯವರ ಸೊಂಟನೋವು ಎಂದೆಲ್ಲ ನೆಪ ಹೇಳಬಹುದು. ಟಿ.ಸಿ.ಎಚ್. ತರಬೇತಿಯ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಟ್ರಂಕು ಹಂಚಿಕೊಂಡವಳಿಗೆ ನೆಪ ಹೇಳಿದರೆ ನಡೆಯುತ್ತದೆಯೇ?

ಹಾಗಾದರೆ ಈಗ್ಯಾಕೆ ಬರೆದೆ ಅಂತೀಯಾ? ಕಳ್ಳಿ, ನೀನು ಸಿಕ್ಕಿಬಿದ್ದಿದ್ದೀಯ! ಪ್ರತಿ ಸೋಮವಾರ ಬಸ್ಸಿನಲ್ಲಿ ಹಿಂದಿ ಧಾರಾವಾಹಿ 'ಶೂನ್ಯಯಾನ'ದ ಉಳಿದರ್ಧ ಬರೆದು ಕಳಿಸುವ ಹಡಗಲಿಯ ಆ ಹೆಸರಿಲ್ಲದ ಪುಣ್ಯಾತ್ಮರು ನೀನೇ! ಇಷ್ಟು ದಿನ ಕೇಬಲ್ ಅಂಗಡಿಯ ಹನುಮಣ್ಣನೇ ಹಾಳೆ ಹಿಡಿದು ಓದುತ್ತಿದ್ದ, ನಾವು ಕೇಳುತ್ತಿದ್ದೆವು. ಹೋದ ಸೋಮವಾರ ಅವನ ಗಂಟಲು ಕಟ್ಟಿತ್ತು, "ಅಕ್ಕೋರೆ, ನೀವ ಓದ್ರಿ" ಎಂದು ಕೈಗೆ ಕೊಟ್ಟ. ಪುಟದ ಎರಡೂ ಕಡೆ ಕೆಂಪು ಶಾಯಿಯ ಗೆರೆ, ತಲೆಯ ಮೇಲೆ ದಿನಾಂಕ, ಕೊನೆಯಲ್ಲಿ 'ಪರಿಶೀಲಿಸಿದೆ' ಎಂದು ಒಂದು ಗೀಟು. ತಾನು ಬರೆದದ್ದನ್ನು ತಾನೇ ಪರಿಶೀಲಿಸುವವರು ಈ ಸುತ್ತಮುತ್ತಲ ಊರುಗಳಲ್ಲಿ ನೀನಲ್ಲದೆ ಇನ್ಯಾರಿದ್ದಾರೆ? ಅಂಗಡಿ ತುಂಬ ಜನ ಇದ್ದಾರೆ ಅನ್ನುವುದನ್ನೂ ಮರೆತು ಕಿರುಚಿಬಿಟ್ಟೆ.

ನಮ್ಮ ಕಡೆಯ ಕಥೆ ನಿನಗೆ ಗೊತ್ತಿಲ್ಲ, ಕೇಳು. ಭಾನುವಾರ ಸಂಜೆ ಆರಕ್ಕೆ ಶುರುವಾಗುವ ಧಾರಾವಾಹಿ, ಇಲ್ಲಿ ಆರೂವರೆಗೆ ಸರಿಯಾಗಿ ಕರೆಂಟ್ ಹೋಗುತ್ತದೆ. ಹನುಮಣ್ಣನ ಜನರೇಟರೋ, ಮದುವೆ ಸೀಸನ್ನಿನಲ್ಲಿ ಬಾಡಿಗೆಗೆ ಹೋದದ್ದು ಇವತ್ತಿಗೂ ತಿರುಗಿ ಬಂದಿಲ್ಲ. ಮೂರು ವಾರ ಅರ್ಧ ಅರ್ಧ ನೋಡಿ ನಮಗೆಲ್ಲ ತಲೆ ಕೆಟ್ಟುಹೋಯಿತು. ಆಗ ಹಡಗಲಿ ಬಸ್ಸಿನ ಕಂಡಕ್ಟರ್ ಮೈಲಪ್ಪ ಬಂದು, "ನಮ್ಮೂರಾಗ ಆರೂವರಿಗೇ ಕರೆಂಟ್ ಬರ್ತೈತ್ರಿ, ಅಲ್ಲಿ ಹಿಂದಿನರ್ಧ ನೋಡೋರು ಅದಾರ" ಎಂದ. ಅಷ್ಟೇ! ಅಂದಿನಿಂದ ಮೊದಲರ್ಧ ನಮ್ಮದು, ಉಳಿದರ್ಧ ನಿಮ್ಮದು. ನಾನು ಹೇಳುತ್ತೇನೆ, ಹನುಮಣ್ಣ ತನ್ನ ಕೋಳಿಕಾಲಿನ ಅಕ್ಷರದಲ್ಲಿ ಬರೆದು ಕಳಿಸುತ್ತಾನೆ. ಅದಕ್ಕೇ ನಿನಗೂ ನನ್ನ ಸುಳಿವು ಸಿಗಲಿಲ್ಲ. ಎರಡೂ ಹಾಳೆ ಸೇರಿಸಿ ಜೆರಾಕ್ಸ್ ಮಾಡಿಸಿ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗೂ ಅವನೇ ಕಳಿಸುತ್ತಾನೆ. ಆ ಚಾನೆಲ್ಲೇ ಬಾರದ ಊರಿನವರು ನಮಗಿಂತ ಹೆಚ್ಚು ವಾದ ಮಾಡುತ್ತಾರೆ ನೋಡು!

ಇಷ್ಟು ಕರಾಳ ಕಥೆ ಯಾಕೆ ನೋಡುತ್ತೀರಿ ಎಂದು ನಮ್ಮ ಮನೆಯವರು ಗುರುಸಂಗಪ್ಪನವರು ಬೈಯುತ್ತಾರೆ. ಸೂರ್ಯ ಮಂಕಾಗಿದ್ದಾನಂತೆ, ಭೂಮಿ ಹೆಪ್ಪುಗಟ್ಟಿದೆಯಂತೆ, ನಲವತ್ತು ಜನ ಒಂದು ತಗಡಿನ ಹಡಗಿನಲ್ಲಿ ಆಕಾಶದಲ್ಲಿ ಅಲೆಯುತ್ತಾರಂತೆ, ಇದೊಂದು ಮನರಂಜನೆಯೇ ಎನ್ನುತ್ತಾರೆ. ಅನ್ನುವುದು ಹಾಗೆ, ಆರಕ್ಕೆ ಐದು ನಿಮಿಷ ಇರುವಾಗಲೇ ಬಂದು ಮುಂದಿನ ಬೆಂಚಿನಲ್ಲಿ ಕೂರುವವರೂ ಅವರೇ. ಹನುಮಣ್ಣನನ್ನು ಕೇಳಿದರೆ, "ಬ್ಯಾರೆ ಸೀರಿಯಲ್‌ನ್ಯಾಗ ಸತ್ತೋರು ನಾಕು ವಾರಕ್ಕ ಎದ್ದು ಬರ್ತಾರ. ಇದ್ರಾಗ ಸತ್ತೋರು ಸತ್ತಂಗ ಇರ್ತಾರ. ಅದಕ್ಕ ನಂಬಿಕಿ ಬರ್ತೈತ್ರಿ" ಎನ್ನುತ್ತಾನೆ.

ಊರ ಹೊರಗೆ ಕುರಿ ಸಾಕುವ ಪಕ್ಕೀರಮ್ಮ ನೆನಪಿದ್ದಾಳಲ್ಲ? ಅವಳಿಗೆ ಹಿಂದಿ ಒಂದಕ್ಷರ ಬರುವುದಿಲ್ಲ, ಒಂದು ವಾರ ತಪ್ಪಿಸುವುದಿಲ್ಲ. ನಾಯಕಿಗೆ 'ದೊಡ್ಡಕ್ಕ' ಎಂದು ಹೆಸರಿಟ್ಟವಳೇ ಅವಳು. ಮೊದಲ ಕಂತಿನ ಮೊದಲರ್ಧ ನಿನಗೆ ಸಿಕ್ಕಿರಲಿಕ್ಕಿಲ್ಲ, ಕೇಳು. ಹಿಮದ ಚಂದ್ರನಿಂದ ಹಡಗು ಹೊರಡುವಾಗ ದೊಡ್ಡಕ್ಕ ಗಡಿಬಿಡಿಯಲ್ಲಿ ಮೀಟರುಗಳ ಮುಳ್ಳಿನ ಕಡೆ ನೋಡುತ್ತಲೇ ಎಲ್ಲರ ಹೆಸರು ಕೂಗುತ್ತಾಳೆ, ಬಾಗಿಲು ಮುಚ್ಚುತ್ತಾಳೆ. ಹಡಗಿನ ರೇಡಿಯೋ ನೋಡಿಕೊಳ್ಳುವ ಹುಡುಗ ಹೊರಗೇ ಉಳಿದುಬಿಡುತ್ತಾನೆ. ಅವನಾಗಿಯೇ ಉಳಿದುಕೊಂಡ ಎಂದು ಹಡಗಿನವರೆಲ್ಲ ನಂಬಿದ್ದಾರೆ. ಪಕ್ಕೀರಮ್ಮ ಅವತ್ತೇ ತೀರ್ಪು ಕೊಟ್ಟಳು: "ನಾವು ಸಂಜಿಕೆ ರೊಪ್ಪದ ಬಾಗ್ಲು ಹಾಕೋಕ ಮುಂಚೆ ಒಂದೊಂದು ಕುರಿ ಮೈ ಮುಟ್ಟಿ ಎಣಿಸ್ತೀವ್ರಿ ಅಕ್ಕೋರೆ. ಆಕಿ ಮುಟ್ಟಲಿಲ್ಲ ನೋಡ್ರಿ, ಬರೇ ಕೂಗಿದ್ಳು."

ನನಗೆ ಯಾಕೆ ಇಷ್ಟ ಅಂದರೆ, ಅಲ್ಲಿ ಯಾರೂ ಎಲ್ಲ ಸರಿಹೋಗುತ್ತದೆ ಎಂದು ಬೆನ್ನು ಸವರುವುದಿಲ್ಲ. ತಪ್ಪು ಮಾಡಿದವಳು ಮರುದಿನ ಬೆಳಿಗ್ಗೆ ಎದ್ದು ಮತ್ತೆ ಅದೇ ಪಟ್ಟಿ ಹಿಡಿದು ಹೆಸರು ಕೂಗಬೇಕು. ರೇಡಿಯೋ ಹುಡುಗನ ಹೆಸರು ಬಂದಾಗ ಒಂದು ಉಸಿರಿನಷ್ಟು ಹೊತ್ತು ನಿಂತು ಮುಂದಕ್ಕೆ ಹೋಗುತ್ತಾಳೆ. ಆ ಒಂದು ಉಸಿರಿಗಾಗಿ ನಾನು ವಾರವಿಡೀ ಕಾಯುತ್ತೇನೆ. ನಮ್ಮ ಹೆಡ್‌ಮಾಸ್ಟರ್ ಯರ್ರಿಸ್ವಾಮಿಯವರಿಗೆ ನನ್ನ ಮೇಲೆ ಸಿಟ್ಟು. "ಏನ್ರೀ ಟೀಚರ್, ಹಾಜರಿ ತಗೊಳ್ಳಾಕ ಇಪ್ಪತ್ತು ನಿಮಿಷ? ಎಲ್ಲಾ ಹುಡುಗರ ತಲಿ ಮುಟ್ಟಿ ಮುಟ್ಟಿ ಹೆಸರು ಬರೀತೀರಂತಲ್ಲ!" ಎಂದು ನಿನ್ನೆ ಮಕ್ಕಳ ದಿನಾಚರಣೆಯ ಪೆಪ್ಪರಮಿಂಟ್ ಹಂಚುವಾಗ ಎಲ್ಲರ ಎದುರಿಗೇ ಕೇಳಿದರು. ಸೀರಿಯಲ್ ಹುಚ್ಚು ಸಾರ್ ಎಂದು ನಕ್ಕುಬಿಟ್ಟೆ.

ಈಗ ನಿನ್ನ ಮೇಲಿರುವ ದೊಡ್ಡ ದೂರಿಗೆ ಬರುತ್ತೇನೆ. ಹತ್ತೊಂಬತ್ತನೇ ಕಂತು! ರೇಡಿಯೋ ಹುಡುಗನ ತಾಯಿ ಅಡುಗೆಮನೆಯಿಂದ ಎದ್ದು ಬಂದು, ದೊಡ್ಡಕ್ಕನ ಎದುರಿಗೆ ನಿಂತು, "ನೀನು ಹೆಸರು ಕೂಗಿದಾಗ ನನ್ನ ಮಗ ಓ ಅಂದನಾ?" ಎಂದು ಕೇಳಿದಳು. ದೊಡ್ಡಕ್ಕ ಬಾಯಿ ತೆರೆದಳು. ಕರೆಂಟ್ ಹೋಯಿತು! ಹನುಮಣ್ಣನ ಅಂಗಡಿಯಲ್ಲಿ ಎದ್ದ ಗಲಾಟೆ ಬಸ್‌ಸ್ಟ್ಯಾಂಡಿಗೆ ಕೇಳಿಸಿತಂತೆ. ಗುರುಸಂಗಪ್ಪನವರು ಕತ್ತಲಲ್ಲೇ ವಿದ್ಯುತ್ ಮಂಡಳಿಯವರಿಗೆ ಮೂರು ತಲೆಮಾರಿನ ಶಾಪ ಹಾಕಿದರು. ಸೋಮವಾರ ನಿನ್ನ ಹಾಳೆ ಬಂತು. ಅದರಲ್ಲಿ ಏನಿತ್ತು? "ಮೊದಲ ಐದು ನಿಮಿಷ ನಾನು ನೋಡಲಿಲ್ಲ. ಎದ್ದು ಹೊರಗೆ ಹೋಗಿದ್ದೆ. ಕ್ಷಮಿಸಿ." ನಾಲ್ಕೂರಿನವರು ನಿನಗೆ ಬೈದರು ಪಂಪಿ. ಕೊಟ್ಟೂರಿನವರಂತೂ ಹಡಗಲಿಗೆ ಬೇರೆ ಜನ ನೇಮಿಸಬೇಕೆಂದು ಪತ್ರ ಬರೆದರು. ನೀನೇ ಎಂದು ಗೊತ್ತಾದ ಮೇಲೆ ಆ ಹಾಳೆಯನ್ನು ಹನುಮಣ್ಣನ ಫೈಲಿನಿಂದ ತೆಗೆದು ನಾನೇ ಓದಿದೆ. ಯಾಕೆ ಎದ್ದು ಹೋದೆ ಎಂದು ನನ್ನನ್ನು ಕೇಳಿದರೆ ಹೇಳುತ್ತಿದ್ದೆ. ಯಾರಿಗೂ ಹೇಳಲಿಲ್ಲ.

ಮೈಲಪ್ಪನನ್ನು ಹಿಡಿದು ಕೇಳಿದೆ, ಹಾಳೆ ಕೊಡುವವರು ನೋಡಲು ಹೆಂಗಿದ್ದಾರೆ ಎಂದು. "ಯಾರೋ ಟೀಚರ್ರೀ. ಮಾತು ಕಮ್ಮಿ. ಬಿಸಿಲಿರ್ಲಿ ಮುಳ್ಳಿರ್ಲಿ, ಬರಿಗಾಲಾಗ ಬಸ್‌ಸ್ಟ್ಯಾಂಡಿಗೆ ಬರ್ತಾರ. ಚಪ್ಪಲಿ ಯಾಕ ಹಾಕಂಗಿಲ್ರಿ ಅಂತ ಕೇಳಿದ್ರ ಸುಮ್ಮನ ಹೋಗಿಬಿಡ್ತಾರ" ಎಂದ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಇರಲಿ, ಮುಖ್ಯ ವಿಷಯ. ಈ ಭಾನುವಾರ ಕೊನೆಯ ಕಂತು! ದೊಡ್ಡಕ್ಕ ತಾಯಿಗೆ ನಿಜ ಹೇಳುತ್ತಾಳೋ ಇಲ್ಲವೋ ಎಂದು ಇಲ್ಲಿ ಯುದ್ಧವೇ ನಡೆದಿದೆ. ಹೇಳುವುದಿಲ್ಲ, ಹೇಳಿದರೆ ಹಡಗು ನಡೆಸುವವರು ಯಾರು ಎಂದು ಹನುಮಣ್ಣ. ಪಕ್ಕೀರಮ್ಮ ಮಾತ್ರ, "ಆ ತಾಯಿ ಏನೇನು ನೆನೆಸ್ಕೊಂಡು ಸಾಯ್ತಿದ್ದಾಳೋ, ಅದನ್ನ ನೋಡ್ರಿ ಮದ್ಲು. ಹಡಗು ಆಮ್ಯಾಲೆ" ಎಂದಳು. ಉತ್ತರ ಬರುವುದು ಹಿಂದಿನರ್ಧದಲ್ಲೇ, ಅಂದರೆ ನಿನ್ನ ಪಾಲಿಗೆ. ನೀನು ಬರೆದರೆ ಉಂಟು, ಇಲ್ಲದಿದ್ದರೆ ನಮಗಿಲ್ಲ. ಈ ಸಲ ಹನುಮಣ್ಣನಿಗೆ ಅಲ್ಲ, ನನ್ನ ಹೆಸರಿಗೆ ಬರೆ. ನಿನ್ನ ಅಕ್ಷರದಲ್ಲಿ 'ಶಾಂಭವಿ' ಎಂದು ನೋಡದೆ ಮೂರು ವರ್ಷವಾಯಿತು. ನನಗೆ ನೀನು ಬೇಕು ಕಣೇ, ನೇರವಾಗಿಯೇ ಹೇಳುತ್ತಿದ್ದೇನೆ.

ಗುರುಬಸವರಾಜಣ್ಣನಿಗೆ ನಮಸ್ಕಾರ ಹೇಳು. ಉಜ್ಜಿನಿ ಮರುಳಸಿದ್ಧೇಶ್ವರ ನಿನ್ನ ಮನಸ್ಸನ್ನು ತಂಪಾಗಿಡಲಿ.

ನಿನ್ನ
ಶಾಂಭವಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಬಿಚ್ಚಿದೆ. ದೊಡ್ಡಕ್ಕ ಏನು ಮಾಡುತ್ತಾಳೆ ನೋಡಿಕೊಂಡು ಆಮೇಲೆ ಬರೆದರಾಯಿತು ಎಂದು ಇದನ್ನು ಬಿಟ್ಟಿದ್ದೆ. ನಾಚಿಕೆಯಾಯಿತು.

ಪ್ರವಾಸದ ಬಸ್ಸು ತಿರುಗಿ ಬಂದ ಆ ರಾತ್ರಿ ನೀನು ನನ್ನ ಎರಡೂ ಭುಜ ಹಿಡಿದು ಕೇಳಿದೆ: "ಶಾಂಭವಿ, ಬಸ್ಸಿನ್ಯಾಗ ಹೆಸರು ಕೂಗಿದಾಗ ನನ್ನ ಮಗಳು ಹಾಜರ್ ಅಂದ್ಳೇನ?" ನಾನು ಹೂಂ ಅಂದೆ. ವಿಚಾರಣೆಗೆ ಬಂದವರಿಗೂ ಹಾಗೇ ಹೇಳಿದೆ. ಹೊಳೆ ದಂಡೆಯಲ್ಲಿ ಅವಳ ಚಪ್ಪಲಿ ಸಿಕ್ಕಿತ್ತಲ್ಲ, ಹಾಜರಿ ಆದ ಮೇಲೆ ಅದಕ್ಕಾಗಿ ಬಸ್ಸಿಳಿದು ಓಡಿರಬೇಕು ಎಂದು ಅವರು ಬರೆದುಕೊಂಡರು. "ಹೊಸ ಚಪ್ಪಲಿ ಕಳಕೊಂಡು ಮನಿಗೆ ಬರಬ್ಯಾಡ ಅಂದಿದ್ದೆ ನಾನು" ಎಂದು ನೀನು ಗೋಡೆಗೆ ತಲೆ ಚಚ್ಚಿಕೊಂಡೆ. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಹೊಳೆಯಿಂದ ಹೊರಡುವಾಗ ಹೊತ್ತು ಮುಳುಗುತ್ತಿತ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ನಾನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. ಅರ್ಚನಾ ಎಂದಾಗ ಹಿಂದಿನ ಸೀಟಿನಿಂದ ಅವಳ ಗೆಳತಿ ಯಾರೋ, ಕ್ಲಾಸಿನಲ್ಲಿ ಒಬ್ಬರಿಗೊಬ್ಬರು ಹೇಳುವ ಹಾಗೆ, "ಹಾಜರ್ ಟೀಚರ್" ಅಂದಳು. ಅದು ಅರ್ಚನಾಳ ದನಿಯಲ್ಲ ಎಂದು ನನಗೆ ಆಗಲೇ ಅನಿಸಿತ್ತು ಪಂಪಿ. ಅನಿಸಿದರೂ ಗುರುತು ಹಾಕಿ ಮುಂದಿನ ಹೆಸರಿಗೆ ಹೋದೆ.

ಅವಳು ಚಪ್ಪಲಿಗಾಗಿ ಬಸ್ಸು ಇಳಿಯಲಿಲ್ಲ. ಬಸ್ಸು ಹತ್ತಿಯೇ ಇರಲಿಲ್ಲ. ನಿನ್ನ ಮಾತಿಗೆ ಹೆದರಿ ಹೋದವಳಲ್ಲ ನಿನ್ನ ಮಗಳು, ನಾನು ಬಿಟ್ಟು ಬಂದವಳು. ಭಾನುವಾರ ನೀನು ಏನು ಬರೆದರೂ ಸರಿ, ಬರೆಯದಿದ್ದರೂ ಸರಿ.

ಚಪ್ಪಲಿ ಹಾಕಿಕೋ.