ಅಮೀಟರಿನ ಮುಳ್ಳು

೧೧ ಆಗಸ್ಟ್ ೨೦೧೫, ಬೀದರ

ಇಂದೂ ಹಾರಾಟ ವ್ಯರ್ಥ. ಭಾಲ್ಕಿಯವರೆಗೆ ಹೋಗಿ ಬಂದೆವು. ಮೋಡವೇ ಇಲ್ಲದ ಮೇಲೆ ಮೋಡ ಬಿತ್ತನೆಯ ವಿಮಾನ ಯಾಕೆ? ಮೋಡಕ್ಕೆ ಉಪ್ಪಿನ ಹೊಗೆ ಬಿಡುವ ಫ್ಲೇರ್ ರೆಕ್ಕೆಯಡಿ ಕಟ್ಟುವುದು, ಉರಿಸದೆ ಹಾಗೇ ಬಿಚ್ಚುವುದು — ನನ್ನ ಮೆಕ್ಯಾನಿಕ್ ಕೆಲಸ ಇಷ್ಟಕ್ಕೆ ಬಂದಿದೆ.

ಇಳಿಯುವಾಗ ರೇಡಿಯೋ ಗೊರಗೊರ. ಬ್ಯಾಟರಿ ಹಳೆಯದು. ಚಾರ್ಜಿಗೆ ಹಾಕಿದೆ.

ಚಿಂತಾಕಿಯಿಂದ ಅಂಜನಾಬಾಯಿ ಅಕ್ಕನ ಫೋನು. "ಓಣಿ ಮಂದಿ ಎಲ್ಲಾ ದುಡೀಲಿಕ್ಕ ಪುಣೇಕ ಹೊಂಟಾರ. ನಾವೂ ಹೋಗ್ತೇವಿ."

"ಒಂದ ವಾರ ತಡಿ ಅಕ್ಕಾ. ನಿಮ್ಮೂರ ಮ್ಯಾಲೆ ಮಳಿ ತರಸ್ತೇನಿ." ಯಾಕೆ ಅಂದೆನೋ.

೧೩ ಆಗಸ್ಟ್

ಬೆಳಿಗ್ಗೆ ಎಂಜಿನ್ ಒಂದೇ ಸಲಕ್ಕೆ ಶುರು. ಖುಷಿ. ಮೇಲೇರಿದ ಮೇಲೆ, ಬ್ಯಾಟರಿಯ ಕರೆಂಟ್ ತೋರಿಸುವ ಅಮೀಟರಿನ ಮುಳ್ಳು ಸೊನ್ನೆಯಿಂದ ಎಡಕ್ಕೆ, ಮೈನಸ್ಸಿಗೆ.

ಕ್ಯಾಪ್ಟನ್ ಫಕ್ರೋದ್ದೀನ ಸಾಹೇಬರು ಕೇಳಿದರು: "ಎಂಜಿನ್ ಓಡ್ಲಿಕತ್ತದ. ಬ್ಯಾಟರಿ ಯಾಕ ಇಳೀಲಿಕತ್ತದರಿ, ಮಚ್ಛೇಂದ್ರ?"

"ಹಳೀ ಮಾಲ್ ಅದರಿ ಸರ್."

ನಮ್ಮ ಕಡೆ ಮನೆಮನೆಗೂ ಇನ್ವರ್ಟರ್. ದೀಪ ಮಂಕಾದರೆ ಮೊದಲ ಬೈಗುಳ ಬ್ಯಾಟರಿಗೇ. ನಾನೂ ಅದನ್ನೇ ಬೈದೆ. ಮತ್ತೆ ಚಾರ್ಜಿಗೆ ಹಾಕಿದೆ.

೧೭ ಆಗಸ್ಟ್

ಹಾರಾಟವಿಲ್ಲ. ಪುಣೆಯ ಗಾಡಿ ನಾಡಿದ್ದು ಬರುತ್ತದಂತೆ. "ಮಳಿ ಆದ್ರ ಗಂಟು ಬಿಚ್ಚತೇನಿ," ಅಂದಳು ಅಕ್ಕ. "ಇಲ್ಲಂದ್ರ ಹುಡುಗ್ರ ಸಾಲಿ ಬಿಡಿಸಿ ಹೋಗೂದೇ." ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ.

೧೯ ಆಗಸ್ಟ್, ಸಂಜೆ

ಔರಾದ ಮೇಲೆ ಮೋಡ. ಕೊನೆಗೂ. ಕಪ್ಪಗೆ, ದಪ್ಪಗೆ.

ಸಂತಪುರ ದಾಟುವಷ್ಟರಲ್ಲಿ ರೇಡಿಯೋ ಪೂರ್ತಿ ಸತ್ತಿತು. ಸಾಹೇಬರು ತಿರುಗಿಸಲಿಲ್ಲ. ಚಿಂತಾಕಿಯ ಹತ್ತಿರ ಮೋಡದೊಳಗೆ ನುಗ್ಗಿ, "ಹಚ್ಚರಿ" ಅಂದರು. ಸ್ವಿಚ್ ಒತ್ತಿದೆ. ಫ್ಲೇರ್ ಹೊತ್ತಲಿಲ್ಲ. ಇನ್ನೊಂದು ಒತ್ತಿದೆ. ಎಲ್ಲವನ್ನೂ ಒತ್ತಿದೆ... ಎಂಜಿನ್ ಮಾತ್ರ ಓಡುತ್ತಲೇ ಇತ್ತು. ಅದಕ್ಕೆ ಬ್ಯಾಟರಿ ಬೇಡ, ಫ್ಲೇರಿಗೆ ಬೇಕು. ಮೋಡ ತೆಲಂಗಾಣದ ಕಡೆ ಸರಿದುಹೋಯಿತು.

ಇಳಿದು ಎಂಜಿನ್ ಮುಚ್ಚಳ ಬಿಚ್ಚಿದೆ. ಎಂಜಿನ್ನಿನಿಂದ ಕರೆಂಟ್ ತೆಗೆಯುವ ಆಲ್ಟರ್ನೇಟರಿನ ಬೆಲ್ಟ್ ಸಡಿಲ. ಜಾರಿ ಜಾರಿ ಗಾಜಿನ ಹಾಗೆ ನುಣುಪಾಗಿದೆ. ಹಾರುವಾಗ ಬ್ಯಾಟರಿಗೆ ಚಾರ್ಜೇ ಹೋಗುತ್ತಿರಲಿಲ್ಲ. ನಾನು ಕೆಳಗೆ ತುಂಬಿಸುವುದು, ಮೇಲೆ ಖಾಲಿಯಾಗುವುದು. ಬೆಳಿಗ್ಗೆ ಎಂಜಿನ್ ಶುರುವಾದರೆ ಎಲ್ಲ ಸರಿ ಅಂದುಕೊಂಡೆ. ಬೆಲ್ಟನ್ನು ಒಂದು ಸಲ ಬೆರಳಿಂದ ಒತ್ತಿ ನೋಡಲಿಲ್ಲ.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕನ ಫೋನು, ಗಾಡಿಯ ಸದ್ದಿನ ನಡುವೆ. "ನಿನ್ನ ವಿಮಾನ ಕಂಡಿವೋ ತಮ್ಮಾ. ಹುಡುಗ್ರು ಕೈ ಬೀಸಿದ್ರು. ಅಷ್ಟ ಮೋಡದಾಗ ಹೋದಿ, ಒಂದ ಹನಿ ಯಾಕ ಬೀಳಲಿಲ್ಲ?"

"ಮೋಡದ ತಪ್ಪಲ್ಲ ಅಕ್ಕಾ," ಅಂದೆ. "ತಪ್ಪು ನಂದು. ಬೆಲ್ಟ್ ಸಡಲಾಗಿತ್ತು, ನಾ ನೋಡಲಿಲ್ಲ."