ಚೆಂಡು ಬೀಳುವ ಕಡೆ ನಿಂತವನು

ಕೊಟ್ಟೂರು
೧೪-೧೦-೧೯೮೧

ಪ್ರೀತಿಯ ಅಪ್ಪಾ,

ತೀರ್ಥರೂಪು, ಸಾಷ್ಟಾಂಗ ಎಂದೆಲ್ಲ ಬರೆಯುವುದನ್ನು ಬಿಟ್ಟಿದ್ದೇನೆ. ಮನುಷ್ಯ ಮನುಷ್ಯನಿಗೆ ಅಡ್ಡಬೀಳಬಾರದು. ಪ್ರೀತಿ ಮೊದಲಿನಷ್ಟೇ ಇದೆ. ಗುಂತಕಲ್ಲಿನಲ್ಲಿ ನಿಮ್ಮ ಸೊಂಟನೋವು ಹೇಗಿದೆ? ಹಳಿಯ ಕೆಲಸ ಮುಗಿಸಿ ಬಂದು ಬಿಸಿನೀರು ಹಾಕಿಕೊಳ್ಳುತ್ತಿದ್ದೀರಾ? ಅವ್ವ ಆರಾಮ ಇದ್ದಾಳೆ. ಸಮಾನತೆ, ಸ್ವಾಭಿಮಾನ ಎನ್ನುವ ನನ್ನ ಎಂಟಾಣೆ ಪುಸ್ತಿಕೆಗಳನ್ನು ಬೈಯುತ್ತಾಳೆ, ನಾನು ಕಾಲೇಜಿಗೆ ಹೋದಾಗ ದೂಳು ಒರೆಸಿ ಇಡುತ್ತಾಳೆ.

ಹರಪನಹಳ್ಳಿಯಲ್ಲಿ ಇದೇ ೨೫ರ ಭಾನುವಾರ ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯ. ಬುಟ್ಟಿಯ ಕೆಳಗೆ ನಿಲ್ಲುವ ಎತ್ತರದ ಆಟಗಾರನ ಜಾಗ ಎರಡು ವರ್ಷದಿಂದ ನನ್ನದೆಂದು ನಿಮಗೆ ಗೊತ್ತು. ಇದು ನನ್ನ ಕೊನೆಯ ವರ್ಷ. ಹೊಸದಾಗಿ ಸೇರಿದ ಇಬ್ಬರು ಉದ್ದನೆಯ ಹುಡುಗರಲ್ಲಿ ನನ್ನ ನಂತರ ಆ ಜಾಗಕ್ಕೆ ಯಾರು ಆದಾರು ಎಂದು ನೋಡಿ ಹೇಳುವುದನ್ನು ನಮ್ಮ ಆಟದ ನೂರಸಾಬ ಮೇಷ್ಟ್ರು ನಾಯಕನಾದ ನನಗೇ ಬಿಟ್ಟರು. ಒಬ್ಬ ಇಲ್ಲಿನ ಗ್ಯಾರೇಜಿನವರ ಮಗ ಅಬ್ದುಲ್ ವಹಾಬ. ನೆಗೆದರೆ ರಿಂಗೇ ಕೈಗೆ ಸಿಗುತ್ತದೆ. ಆದರೆ ಚೆಂಡು ತಾನಾಗಿ ಬರಲೆಂದು ನವಾಬನ ಹಾಗೆ ಕಾಯುತ್ತಾನೆ. ಇನ್ನೊಬ್ಬ ಗುಡೇಕೋಟೆಯ ಓಬಳೇಶ, ಕುರಿ ಕಾಯುವವರ ಮನೆಯವನು. ಆಟಕ್ಕೆಂದೇ ಅವನಿಗೆ ಕಾಲೇಜಿನಲ್ಲಿ ಜಾಗ ಸಿಕ್ಕಿದ್ದು. ಅವನಪ್ಪ ಸುಂಕಪ್ಪನವರು ಈ ಪಂದ್ಯಕ್ಕೆ ಬರುತ್ತಾರಂತೆ. "ಅಂಗಳಕ್ಕ ಇಳಿದ್ರ ಓದ್ಲಿ. ಬರೇ ಕುಂಡ್ರೋದಾದ್ರ ನನ್ನ ಜೋಡಿ ಊರಿಗೆ ಬರ್ಲಿ" ಎಂದು ಹೇಳಿ ಕಳಿಸಿದ್ದಾರೆ.

ಓಬಳೇಶನ ತೊಂದರೆ ಏನೆಂದರೆ, ಚೆಂಡು ಸಿಕ್ಕೊಡನೆ ಬಾಗಿ ಹೊಟ್ಟೆಗೆ ಅವಚಿಕೊಳ್ಳುತ್ತಾನೆ. ಗಿಡ್ಡ ಹುಡುಗರು ಕಸಿದುಕೊಂಡು ಓಡುತ್ತಾರೆ. "ಲೇ, ಚೆಂಡಿಗೆ ಹಾಲು ಕುಡಿಸ್ತೀ ಏನು?" ಎಂದು ವಹಾಬ ಕಾಡಿಸಿದ. ನನಗೆ ನಗು ಬರಲಿಲ್ಲ. ತಲೆತಲಾಂತರದಿಂದ ಉಳ್ಳವರ ಮುಂದೆ ಬಾಗಿದ ಬೆನ್ನು ಇದು ಎಂದುಕೊಂಡು, ಅವನನ್ನು ಬೇವಿನ ಮರದ ಕೆಳಗೆ ಕೂರಿಸಿ ಸ್ವಾಭಿಮಾನದ ಮೇಲಿನ ಒಂದು ಪುಸ್ತಿಕೆಯನ್ನೇ ಓದಿದೆ. ಪೂರ್ತಿ ಕೇಳಿದ. ಆಮೇಲೆ, "ಅಣ್ಣಾ, ಕುರಿಮರಿ ಹಿಡಿದ್ರ ಹಿಂಗ ಅವಚಿಕೋಬೇಕು, ಇಲ್ಲಾಂದ್ರ ಒದೀತೈತಿ. ಕೈಗೆ ಅದ ರೂಢಿ" ಎಂದ. ಅಪ್ಪಾ, ನಾನು ನಕ್ಕ ನಗುವಿಗೆ ವಹಾಬ ಓಡಿಬಂದ.

ಅಂದಿನಿಂದ ಅವನ ಕೈ ನೋಡುವುದನ್ನು ಬಿಟ್ಟು ಕಾಲು ನೋಡತೊಡಗಿದೆ. ಕುರಿ ಇನ್ನೊಬ್ಬರ ಹೊಲಕ್ಕೆ ನುಗ್ಗುವ ಮೊದಲೇ ಅಡ್ಡ ನಿಲ್ಲುವ ಕಾಲು ಅದು. ಚೆಂಡಿನ ಹಿಂದೆ ಓಡುವುದಿಲ್ಲ. ಅದು ಬೀಳುವ ಕಡೆ ಮೊದಲೇ ಹೋಗಿ ನಿಂತಿರುತ್ತಾನೆ. ವಹಾಬನ ಎತ್ತರ ಹುಟ್ಟಿನಿಂದ ಬಂದದ್ದು, ಹುಟ್ಟಿನಿಂದ ಬಂದದ್ದಕ್ಕೆ ನಾನು ಮಣೆ ಹಾಕುವವನಲ್ಲ. ಕೈಗೆ ಹೇಳಿಕೊಡಬಹುದು, ಚೆಂಡನ್ನು ತಲೆಯ ಮೇಲೆ ಹಿಡಿಯಲು ಕಲಿಯುತ್ತಿದ್ದಾನೆ, ಇನ್ನೂ ಆಗಾಗ ಮರೆಯುತ್ತಾನೆ. ಆ ಕಾಲನ್ನು ಮಾತ್ರ ಯಾವ ಮೇಷ್ಟ್ರೂ ಕಲಿಸಲಾರರು. ಓಬಳೇಶನೇ ಎಂದು ಹೇಳಿದೆ. "ಆಯ್ತು, ಒಂದ್ ವರ್ಷ ಬೆಂಚಿನ ಮ್ಯಾಲ ಕುಂತು ಕಲೀಲಿ" ಎಂದರು ಮೇಷ್ಟ್ರು. ಅವನಿಗೆ ಆ ಒಂದು ವರ್ಷ ಎಲ್ಲಿದೆ?

ನೀವು ರಜೆ ಹಾಕಿ ನನ್ನ ಆಟ ನೋಡಲು ಬರುವ ಸುದ್ದಿ ಕೇಳಿ ಅವ್ವ ಈಗಲೇ ರೊಟ್ಟಿಯ ಮಾತಾಡುತ್ತಿದ್ದಾಳೆ. ನಿಮ್ಮ ಜೊತೆ ಹಳಿ ಎತ್ತುವ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸಿ. ಸೊಂಟ ಜೋಪಾನ.

ನಿಮ್ಮ ಮಗ,
ಹುಲುಗಣ್ಣ

ಮರೆತಿದ್ದೆ: ಭಾನುವಾರ ನನ್ನ ಜಾಗದಲ್ಲಿ ಓಬಳೇಶ ಇಳಿಯುತ್ತಾನೆ. ಮೇಷ್ಟ್ರು ನಿನ್ನೆ ಒಪ್ಪಿದರು. ಬೆಂಚಿನ ಮೇಲೆ ನಾನಿರುತ್ತೇನೆ. ಆದರೂ ನೀವು ಬರಲೇಬೇಕು. ಸುಂಕಪ್ಪನವರ ಪಕ್ಕದಲ್ಲಿ ಕೂತುಕೊಳ್ಳಿ. ಅವರು ಈ ಆಟ ಕಂಡವರಲ್ಲ; ನೀವು ರೈಲ್ವೆ ಮೈದಾನದಲ್ಲಿ ನೋಡಿದ್ದೀರಿ. ಅವರ ಮಗ ಬುಟ್ಟಿಗೆ ಒಂದೂ ಹಾಕದೆ ಇರಬಹುದು. ಎದುರಿನವರಿಗೂ ಹಾಕಗೊಡುತ್ತಿಲ್ಲ ನೋಡ್ರಿ ಎಂದು ಅವರಿಗೆ ನೀವೇ ತೋರಿಸಬೇಕು.