ನಡುವೆ ಬಿಟ್ಟ ಜಾಗ

ಜೂನ್ 10, 2024

ಎಂಟನೇ ಕ್ಲಾಸಿಗೆ ಮತ್ತೆ ಅದೇ ಚಿತ್ರ ಬರೆಸಿದೆ. ಎರಡು ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ. ಕೆಲಸಕ್ಕೆ ಸೇರಿದಾಗಿನಿಂದ ಇದೇ ತೆಂಗಿನಮರ.

ಮನೆಗೆ ಬಂದರೆ ಬಾಗಿಲಲ್ಲಿ ಬೆಂಗಳೂರಿನ ಕಾರು. ಒಳಗೆ ತಮ್ಮ ರುದ್ರೇಶ, ಟಿ. ನರಸೀಪುರದ ಅಂಗಡಿ ಮುಚ್ಚಿಕೊಂಡು ಬಂದಿದ್ದಾನೆ. ಜತೆಗೆ ಚಂದ್ರಶೇಖರ್ ಅಂತ ಒಬ್ಬ, ಚಿತ್ರಗಳ ವ್ಯಾಪಾರಿ. ಅಪ್ಪನ ಕಾಲಿಗೆ ಬೀಳುತ್ತಿದ್ದ. ಬಿದ್ದವನು ಏಳಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡ.

ವಿಷಯ ಇಷ್ಟು. ಅಪ್ಪ ಜೀವಮಾನವೆಲ್ಲ ಹಳ್ಳಿ ನಾಟಕಗಳಿಗೆ ಪರದೆ ಬರೆದು ಬಾಡಿಗೆಗೆ ಕೊಟ್ಟವರು. ಮೂಗೂರು, ಬಿಳಿಗೆರೆ, ತಲಕಾಡು... ಎಲ್ಲೇ ರಾಜನ ವೇಷ ಕುಣಿದರೂ ಹಿಂದೆ ನಮ್ಮಪ್ಪ ಗಂಗಾಧರಸ್ವಾಮಿಯವರ ಪರದೆ. ಈಗ ರುದ್ರೇಶ ಎಲ್‌ಇಡಿ ಸ್ಕ್ರೀನ್ ಬಾಡಿಗೆಗೆ ಬಿಡುತ್ತಾನೆ. ಹೋದ ವರ್ಷ ಹರಿದ ಪರದೆಯ ಒಂದು ತುಂಡನ್ನು ಈ ವ್ಯಾಪಾರಿ ಸುಮ್ಮನೆ ಕೇಳಿ ಒಯ್ದಿದ್ದ. ಅದರಲ್ಲಿ ಕಪಿಲೆ ಹೊಳೆ, ದಡ, ಒಂದಿಷ್ಟು ಆಕಾಶ. ಹರಾಜಿನಲ್ಲಿ ಅದು ಇಲ್ಲೊಂದು ಸೈಟು ಬರುವಷ್ಟಕ್ಕೆ ಹೋಯಿತಂತೆ. ಈಗ ದೊಡ್ಡ ನದಿ ಪರದೆ ಬೇಕು. ಇಲಿ ತಿನ್ನದೆ ಬಿಟ್ಟಿದ್ದು ಅದೊಂದೇ.

ನಾನು ಕಾಫಿ ಮಾಡುವಾಗ ಚಂದ್ರಶೇಖರ್ ಅಡುಗೆಮನೆ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದ, “ಮೇಡಂ, ಸ್ವಾಮಿಗಳು ಈಗೇನೂ ಪೇಂಟ್ ಮಾಡ್ತಿಲ್ಲ ಅಲ್ವಾ?”

“ಎಂಬತ್ತಾರಾಯ್ತು. ಕೈ ನಡುಗುತ್ತೆ.”

“ಒಳ್ಳೇದು,” ಅಂದ. ಆಮೇಲೆ ನಾಲಿಗೆ ಕಚ್ಚಿಕೊಂಡ. ಹೊಸ ಕೆಲಸ ಮಾರ್ಕೆಟ್ಟಿಗೆ ಬಂದರೆ ಹಳೆಯದರ ಬೆಲೆ ಬೀಳುತ್ತದಂತೆ.

ಅವನು ಕುಡಿದ ಲೋಟ ಎರಡು ಸಲ ತೊಳೆದೆ.

ಜೂನ್ 16

ಭಾನುವಾರ. ನರಸೀಪುರ. ಅಂಗಡಿ ಹಿಂದಿನ ಛತ್ರದಲ್ಲಿ ಪರದೆ ಹಾಸಿದರು. ಇಪ್ಪತ್ತಡಿ ಅಗಲ. ಅಮ್ಮ ಹೊಲಿದ ಜೋಡಣೆ ಇನ್ನೂ ಗಟ್ಟಿಯಾಗಿದೆ.

ಚಂದ್ರಶೇಖರ್ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು ಪಾಠ ಮಾಡಿದ. ಅರಮನೆ ಸೀನ್ ಯಾರಿಗೂ ಬೇಡ, ಕಾಡೂ ಬೇಡ. ಊರಿನ ಹೆಸರು ಹೇಳಬಹುದಾದ ನದಿ ಬೇಕು. ಡ್ರಾಯಿಂಗ್ ರೂಮಿನ ಗೋಡೆಗೆ ಹಿಡಿಸಬೇಕು, ಅದಕ್ಕೆ ನಾಲ್ಕು ತುಂಡು. ಮೂಲೆಯಲ್ಲಿ ಸಹಿ. ಹಿಂದೆ ಒಂದು ಕಥೆ.

“ಈ ಖಾಲಿ ನೋಡಿ ಮೇಡಂ. ನಡುವೆ ಒಬ್ಬ ಮನುಷ್ಯನೂ ಇಲ್ಲ. ಎಂಥಾ ಏಕಾಂತ. ಬೆಲೆ ಇರೋದೇ ಇದಕ್ಕೆ.”

“ಅಲ್ಲಿ ನಾಟಕದ ಪಾರ್ಟ್‌ನವರು ನಿಲ್ತಾರೆ. ಅದಕ್ಕೇ ಜಾಗ ಬಿಟ್ಟಿರೋದು.”

ನಕ್ಕ. “ಅದನ್ನ ನಾವು ಹೇಳೋದು ಬೇಡ. ಬಾಡಿಗೆ ಪರದೆ ಅಂದ್ರೆ ಡೆಕೋರೇಷನ್ ಆಗೋಗುತ್ತೆ.”

ನಾನು ಡ್ರಾಯಿಂಗ್ ಟೀಚರ್, ಮಗಳು ಬೇರೆ. ನನ್ನ ಮಾತಿಗೆ ತೂಕವಂತೆ. ಅಪ್ಪ ನದಿಯ ದಡದಲ್ಲಿ ಒಬ್ಬರೇ ಕೂತು ತಮ್ಮ ಮನಸ್ಸಿಗಾಗಿ ಬರೆದದ್ದು, ಯಾರಿಗೂ ಬಾಡಿಗೆಗೆ ಕೊಟ್ಟದ್ದಲ್ಲ ಎಂದು ಬರೆದುಕೊಡಬೇಕು. ಆಗೋದಿಲ್ಲ ಅಂದೆ.

“ಅಕ್ಕ, ಇಲ್ಲೇ ಇದ್ರೆ ಗೆದ್ಲು ತಿಂತದೆ,” ಅಂದ ರುದ್ರೇಶ. “ಗೆದ್ಲು ಆರ್ಟು ಅಂತ ನೋಡಿ ಬುಡ್ತದಾ?”

ಬಸ್ಸು ಹತ್ತಿ ಮನೆಗೆ ಬಂದೆ.

ಜೂನ್ 17

ಅಪ್ಪನಿಗೆ ಎಲ್ಲ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ.

“ಕತ್ತರಿಸ್ಕಳ್ಳಿ ಬುಡವ್ವ. ಅವರ ಕಾರಲ್ಲಿ ಏಸಿ ಅದಾ?”

ಇವರ ಮಾನ ಉಳಿಸಲು ನಾನು ಆ ವ್ಯಾಪಾರಿ ಜತೆ ಕುಸ್ತಿ ಆಡಬೇಕು. ಥೂ.

ಜುಲೈ 5

ಬರೆದುಕೊಟ್ಟೆ.

ರುದ್ರೇಶ ದಿನಾ ಬಂದು ಕೂರುತ್ತಿದ್ದ. ಅದನ್ನು ತಡೆದುಕೊಂಡಿದ್ದೆ. ನಿನ್ನೆ ಅಪ್ಪ ಊಟಕ್ಕೆ ಕೂತವರು ತಟ್ಟೆ ಸರಿಸಿದರು. “ನನ್ ಎಸ್ರು ಅರಾಜಿನ ಬುಕ್ಕಲ್ಲಿ ಬತ್ತದಂತೆ. ನೀನ್ಯಾಕವ್ವ ಅಡ್ಡ ನಿಂತಿದ್ದೀಯೆ?”

ತಲೆ ತಗ್ಗಿಸಿ ಸುಳ್ಳೆಲ್ಲ ಬರೆದೆ. ಅಕ್ಷರ ಮುತ್ತಿನ ಹಾಗೆ ಬಂದಿದೆ, ಹಾಳಾದ್ದು. ನನ್ನ ಮೇಲೆ ನನಗೇ ಹೇಸಿಗೆ.

ಜುಲೈ 13

ಕತ್ತರಿಸಿ ತಂದರು. ನಾಲ್ಕು ತುಂಡು, ಚೌಕಟ್ಟಿಗೆ ಬಿಗಿದು ಹಾಲ್‌ನಲ್ಲಿ ಸಾಲಾಗಿ ಒರಗಿಸಿದ್ದಾರೆ. ಅಪ್ಪ ಒಂದೊಂದಕ್ಕೂ ಸಹಿ ಹಾಕಿದರು. ಪರದೆಗೆ ಅವರು ಎಂದೂ ಸಹಿ ಹಾಕಿದವರಲ್ಲ. ಚಂದ್ರಶೇಖರ್ ಪಕ್ಕದಲ್ಲೇ ಕೂತು ‘ಇನ್ನೊಂಚೂರು ಕೆಳಗೆ ಸ್ವಾಮೀ’ ಅನ್ನುತ್ತಿದ್ದ. ಆಮೇಲೆ ಮೇಲಿನಿಂದ ವಾರ್ನಿಷ್ ಬಳಿಸಿದ. ಮನೆಯೆಲ್ಲ ಗಬ್ಬು. ಒಣಗಿದ ಮೇಲೆ, ಇಪ್ಪತ್ತಕ್ಕೆ ಒಯ್ಯುತ್ತಾನೆ.

ಎಲ್ಲರೂ ಹೋದ ಮೇಲೆ ಅಪ್ಪ ಕೇಳಿದರು, “ಈ ಪರದೆಗಳ್ನ ಎಲ್ಲಿ ಕಟ್ತರವ್ವ?”

“ಯಾರದೋ ಮನೆ ಗೋಡೆಗೆ.”

“ಮುಂದ್ಕೆ ಯಾರ್ ನಿಂತ್ಕತರೆ?”

“ಯಾರೂ ಇಲ್ಲ. ಸೋಫಾ ಇರುತ್ತೆ.”

ಅಪ್ಪ ಒಂದೊಂದೇ ತುಂಡಿನ ಮುಂದೆ ಹೋಗಿ ನಿಂತು ಬಂದರು. “ಅಂಗಾರೆ ಬಣಬಣ ಅಂತದೆ ಕಣವ್ವ. ಅರ್ಧ ಕೆಲ್ಸ ಮಾಡಿ ಕೊಟ್ಟಂಗಾಯ್ತದೆ.”

ಜುಲೈ 15

ಹರಾಜಿನ ಪುಸ್ತಕಕ್ಕೆ ಬರೆದದ್ದು ವಾಟ್ಸಾಪಿನಲ್ಲಿ ಬಂತು. ‘ಜನಸಂಪರ್ಕ ತೊರೆದು ಕಪಿಲೆಯ ಮೌನಕ್ಕೆ ಶರಣಾದ ಕಲಾವಿದ.’ ಹಾಲಿನವನನ್ನು ಅರ್ಧ ಗಂಟೆ ಹಿಡಿದು ನಿಲ್ಲಿಸಿ ಹರಟುವ ನಮ್ಮಪ್ಪ. ಕೆಳಗೆ: ‘ಪುತ್ರಿ ಸರ್ವಮಂಗಳಾ ಅವರ ಹೇಳಿಕೆಯಂತೆ.’

ಅಪ್ಪನಿಗೆ ಓದಿ ಹೇಳಿದೆ. “ಯಾರವ್ವ ಇವ್ರು?” ಅಂದರು. 

ಜುಲೈ 19, ಮಧ್ಯಾಹ್ನ 3

ಸ್ಕೂಲಿನಿಂದ ಬಂದೆ. ಕಪಿಲೆ ತುಂಬಿ ಮೇಲೆ ಬಂದಿದ್ದಾಳೆ ಎಂದು ಬೇಗ ಬಿಟ್ಟಿದ್ದರು. ಹಾಲ್‌ನಲ್ಲಿ ಅಪ್ಪ ಸ್ಟೂಲಿನ ಮೇಲೆ. ತೊಡೆಯ ಮೇಲೆ ನನ್ನ ಪೋಸ್ಟರ್ ಕಲರ್ ಡಬ್ಬ.

ಮೊದಲ ತುಂಡಿನ ಆ ದುಬಾರಿ ಏಕಾಂತದ ನಟ್ಟನಡುವೆ ಕಿರೀಟ ಇಟ್ಟುಕೊಂಡವನೊಬ್ಬ ನಿಂತಿದ್ದಾನೆ. ಕಾಲು ಸೊಟ್ಟ, ಮೀಸೆ ಒಂದೇ ಕಡೆ. ಎರಡನೆಯದರಲ್ಲಿ ಬಟ್ಟೆ ಒಗೆಯುವ ಹೆಂಗಸು, ಪಕ್ಕದಲ್ಲಿ ಎಮ್ಮೆ. ಎಮ್ಮೆ ಅಂತ ಅವರೇ ಹೇಳಿದ ಮೇಲೆ ಗೊತ್ತಾಯಿತು.

“ಇದೇನಪ್ಪ?”

“ಕಂಡೋರ ಮನೇಗೆ ಖಾಲಿ ಪರದೆ ಕೊಡಾಕಾದದಾ? ಬೈಕತರೆ.”

ಅಷ್ಟರಲ್ಲಿ ರುದ್ರೇಶನ ಫೋನು. “ಅಕ್ಕ, ನಾಳೆ ಹತ್ತಕ್ಕೆ ಕಾರ್ ಬತ್ತದೆ. ಅಪ್ಪನ್ನ ಪರದೆ ಹತ್ರುಕ್ಕೆ ಬುಡಬ್ಯಾಡ.” ಆಯ್ತು ಅಂದೆ.

ಕೆಳಗೆ ವಾರ್ನಿಷ್ ಇದೆ. ಈಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಮ್ಮೆಯೂ ಹೋಗುತ್ತದೆ, ರಾಜನೂ ಹೋಗುತ್ತಾನೆ, ಹೇಳಿಕೆಯೂ ಉಳಿಯುತ್ತದೆ. ಬೇಸಿನ್ನಿನಲ್ಲಿ ನೀರು, ಹಳೆಯ ಪಂಚೆ ಚೂರು ತಂದೆ. ಅಪ್ಪ ನೋಡಿ ಖುಷಿಯಾದರು. “ನೀರ್ ತಂದ್ಯಾ? ಒಳ್ಳೇದಾಯ್ತು,” ಎಂದು ಬ್ರಷ್ ಅದರಲ್ಲೇ ಅದ್ದಿದರು.

ಬಟ್ಟೆ ಹಿಡಿದು ನಿಂತೇ ಇದ್ದೆ. ಒಂದೂವರೆ ತಿಂಗಳಲ್ಲಿ ಮೊದಲ ಸಲ ನಗು ಬಂತು. ಕೆಟ್ಟ ನಗು.

3.40

ರಾಜನ ಕಾಲು ಒಣಗುತ್ತಾ ಬಂದಿದೆ. ಬಟ್ಟೆ ಇನ್ನೂ ಬೇಸಿನ್ನಿನ ಅಂಚಿನಲ್ಲೇ ಇದೆ. ಅಪ್ಪನಿಗೆ ಕೈ ಸೋತಿದೆ. ಬ್ರಷ್ ನನ್ನ ಕಡೆ ಚಾಚಿ ಕೂತಿದ್ದಾರೆ. ಇನ್ನೂ ಎರಡು ಖಾಲಿ ಅವೆ, ನೀನೇ ಯಾರ್ನಾದ್ರೂ ನಿಲ್ಲಿಸವ್ವ ಅನ್ನುತ್ತಿದ್ದಾರೆ. ಗಂಗಾಧರಸ್ವಾಮಿ ಎಂದು ಸಹಿ ಇರುವ ಚಿತ್ರ. ಅದರೊಳಗೆ ನನ್ನ ಒಂದು ಗೆರೆ ಬಿದ್ದರೂ ಸಾಕು, ಯಾವ ಹರಾಜಿನವನೂ ಮೂಸಿ ನೋಡುವುದಿಲ್ಲ. ರುದ್ರೇಶ ಜನ್ಮದಲ್ಲಿ ಮಾತಾಡಿಸುವುದಿಲ್ಲ. ತೆಂಗಿನಮರ ಮಾತ್ರ ಬೇಡ. ಒಬ್ಬ ಹೆಂಗಸು, ನಿಂತಿರುವವಳು, ಮುಖ ನಮ್ಮ ಕಡೆ... ಅಪ್ಪ ಮತ್ತೆ ಕರೆದರು. ಬಂದೆ, ಇದೊಂದು ಸಾಲು ಮುಗಿಸಿ—